ಮೈಲಾರದ ಕಾರ್ಣಿಕ, ಕೊಟ್ಟೂರಿನ ತೇರು ಮತ್ತು ಸಂವೇಗದ ನಿಯಮ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಪರಿಸರದಲ್ಲಿ ಜಾತ್ರೆಗಳು ಭಕ್ತಿಯ ನೆಲೆಗಳಾಗಿರುವಂತೆಯೇ ಕೈಯಿಂದ ಕೈಗೆ ಸಾಗಿಬಂದ ತಿಳಿವಳಿಕೆಯ ನೆಲೆಗಳೂ ಆಗಿವೆ. ಬಿಲ್ಲಿನಿಂದ ಬೀಳುವ ಗೊರವ ಮತ್ತು ಬೀದಿಯಲ್ಲಿ ಸಾಗುವ ತೇರು ಎಂಬ ಎರಡು ನಿದರ್ಶನಗಳ ಮೂಲಕ ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚಲಿಸುವ ವಸ್ತುವಿನ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧವೇ ಸಂವೇಗ. 1644ರಲ್ಲಿ ಡೆಕಾರ್ಟ್ ಚಲನೆಯ ಒಟ್ಟು ಪರಿಮಾಣ ಅಳಿಯದೆಂದು ಪ್ರತಿಪಾದಿಸಿದರೂ ದಿಕ್ಕನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹ್ಯೂಗೆನ್ಸ್ ಮೊದಲಾದವರು ಡಿಕ್ಕಿಗಳನ್ನು ಪರಿಶೀಲಿಸಿ ಆ ಕೊರತೆಯನ್ನು ನೀಗಿದರು. 1687ರಲ್ಲಿ ನ್ಯೂಟನ್ ಬಲವನ್ನು ಸಂವೇಗದ ಬದಲಾವಣೆಯೊಡನೆ ಜೋಡಿಸಿದನು.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಂದು ಡೆಂಕನಮರಡಿಯಲ್ಲಿ ಗೊರವಪ್ಪ ಬಿಲ್ಲನ್ನೇರಿ, 'ಸದ್ದಲೇ' ಎಂದು ಜನಸ್ತೋಮವನ್ನು ಸುಮ್ಮನಾಗಿಸಿ, ಕಾರ್ಣಿಕ ನುಡಿದು ಮೇಲಿನಿಂದ ಬೀಳುತ್ತಾನೆ. ಕೆಳಗಿದ್ದವರು ಅವನನ್ನು ಕಂಬಳಿಯಲ್ಲಿ ಹಿಡಿಯುತ್ತಾರೆ. 60 ಕಿಲೋಗ್ರಾಂ ತೂಕದ ವ್ಯಕ್ತಿ 5 ಮೀಟರ್ ಎತ್ತರದಿಂದ ಬಿದ್ದನೆಂದು ಭಾವಿಸೋಣ. ಆಗ ಅವನ ವೇಗ ಸೆಕೆಂಡಿಗೆ ಸುಮಾರು 10 ಮೀಟರ್. ಸಂವೇಗ ಸುಮಾರು 600 ಏಕಮಾನ. ಗಟ್ಟಿ ನೆಲ ಅದನ್ನು 0.02 ಸೆಕೆಂಡಿನಲ್ಲಿ ತಡೆದರೆ ಸರಾಸರಿ 30,000 ನ್ಯೂಟನ್ ನಿವ್ವಳ ಬಲ ಬೇಕು. ಕಂಬಳಿ ಜಗ್ಗಿ, ಕೈಗಳು ತಗ್ಗಿ, ಆ ಅವಧಿ 0.2 ಸೆಕೆಂಡಿಗೆ ಹಿಗ್ಗಿದರೆ 3,000 ನ್ಯೂಟನ್ ಸಾಕು. ಸಂವೇಗವು ನಾಶವಾಗುವುದಿಲ್ಲ, ಹಿಡಿದವರ ಕೈಕಾಲುಗಳ ಮೂಲಕ ಭೂಮಿಗೆ ಸೇರುತ್ತದೆ. ಚಲನಶಕ್ತಿ ಮಾತ್ರ ಕಂಬಳಿಯ ಎಳೆತದಲ್ಲಿ, ಸ್ನಾಯುಗಳಲ್ಲಿ ಶಾಖವಾಗಿ ಮಾರ್ಪಡುತ್ತದೆ.

ಕೊಟ್ಟೂರಿನ ಗುರುಬಸವೇಶ್ವರ ರಥೋತ್ಸವದಲ್ಲಿ ಇದೇ ನಿಯಮದ ಇನ್ನೊಂದು ಮುಖವಿದೆ. 20,000 ಕಿಲೋಗ್ರಾಂ ತೂಕದ ತೇರೊಂದು ಸೆಕೆಂಡಿಗೆ ಅರ್ಧ ಮೀಟರಿನಂತೆ ಸಾಗಿದರೂ ಅದರ ಸಂವೇಗ 10,000 ಏಕಮಾನ. ಬೀಳುವ ಗೊರವನದಕ್ಕಿಂತ ಹದಿನಾರು ಪಟ್ಟಿಗೂ ಮಿಗಿಲು. ನಿಧಾನವಾದುದೆಲ್ಲ ನಿರಪಾಯವಲ್ಲ. ಗಾಲಿ ಥಟ್ಟನೆ ನಿಂತರೂ ಮೇಲಿನ ಭಾಗ ಮುಂದೆ ಸಾಗಲೆಳಸುತ್ತದೆ. ಆದ್ದರಿಂದ ಹಗ್ಗ ಎಳೆಯುವವರೂ ಗಾಲಿಯಡಿ ಮರದ ತುಂಡು ಕೊಡುವವರೂ ಒಬ್ಬರನ್ನೊಬ್ಬರು ಅರಿತು ನಡೆಯಬೇಕಾಗುತ್ತದೆ. 2017ರ ಫೆಬ್ರವರಿಯಲ್ಲಿ ಈ ತೇರು ರಥೋತ್ಸವದ ವೇಳೆ ಉರುಳಿ ಜನರು ಗಾಯಗೊಂಡರು. ಆ ಅವಘಡದ ಕಾರಣ ನಿರ್ಣಯ ಈ ಲೇಖನದ ವ್ಯಾಪ್ತಿಯದಲ್ಲ. ಬೃಹತ್ ಸಂವೇಗದ ನಡುವೆ ಜನ ನಿಂತಿರುತ್ತಾರೆಂಬುದನ್ನು ಮಾತ್ರ ಅದು ನೆನಪಿಸುತ್ತದೆ.

ಗೊರವರಿಗೆ ನ್ಯೂಟನ್ ತಿಳಿದಿದ್ದನೆಂದು ವಾದಿಸುವುದು ಇಲ್ಲಿಯ ಆಶಯವಲ್ಲ. ಸೂತ್ರ ಬೇರೆ, ಪಳಗಿದ ಕೈ ಬೇರೆ. ಆದರೆ ಜಾನಪದ ಅಧ್ಯಯನವು ಬಹುಮಟ್ಟಿಗೆ ಕಾರ್ಣಿಕದ ನುಡಿಯನ್ನೇ ಅರ್ಥೈಸುತ್ತ ಬಂದಿದೆ. ಕಂಬಳಿಯ ಅಂಚನ್ನು ಎಷ್ಟು ಜನ, ಎಷ್ಟು ಬಿಗಿಯಾಗಿ, ಯಾವ ಕ್ಷಣದಲ್ಲಿ ಸಡಿಲಿಸಿ ಹಿಡಿಯುತ್ತಾರೆಂಬುದೂ ದಾಖಲಾಗಬೇಕು. ನುಡಿದವನನ್ನು ಉಳಿಸುವುದು ಆ ತಿಳಿವಳಿಕೆಯೇ. ಅದು ಅಳಿದರೆ ನುಡಿಯ ಸಂಪ್ರದಾಯವೂ ಉಳಿಯಲಾರದು.