ಶರಪಂಜರದ ಕಲ್ಪನಾ ಥರ

ನಮ್ಮ ಮಗಳು ಹುಟ್ಟಿ ಹನ್ನೆರಡನೇ ದಿನ. ಬಸವೇಶ್ವರನಗರದ ನಮ್ಮ ಎರಡು ರೂಮಿನ ಬಾಡಿಗೆ ಮನೆಯಲ್ಲಿ ಊರಿಂದ ಬಂದ ಅತ್ತೆ, ಸಾಂಬ್ರಾಣಿ ಹೊಗೆ, ಬಾಣಂತಿ ಸಾರು, ನನ್ನ ವರ್ಕ್ ಫ್ರಮ್ ಹೋಮ್ ಎಲ್ಲಾ ಒಟ್ಟೊಟ್ಟಿಗೆ ನಡೀತಿತ್ತು. ರಾತ್ರಿ ಎರಡು ಗಂಟೆಗೆ ಹೆಂಡತಿ ಇದ್ದಕ್ಕಿದ್ದಂತೆ ಅಳೋಕೆ ಶುರು ಮಾಡಿದಳು. ಯಾಕೆ ಅಂತ ಕೇಳಿದ್ರೆ ಅವಳಿಗೂ ಗೊತ್ತಿಲ್ಲ. ನನಗೆ ಬೆಳಗ್ಗೆ ಏಳಕ್ಕೆ ಕ್ಲೈಂಟ್ ಕಾಲ್ ಇತ್ತು. ನಿದ್ದೆಗಣ್ಣಲ್ಲಿ, "ಏನೇ ಇದು, ಶರಪಂಜರದ ಕಲ್ಪನಾ ಥರ ಆಡ್ತೀಯ" ಅಂದೆ. ತಮಾಷೆಗೇ ಅಂದಿದ್ದು. ಅಳು ತಟ್ಟನೆ ನಿಂತಿತು. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಸದ್ಯ ನಿಂತಿತಲ್ಲ ಅಂತ ನನಗೆ ಒಳಗೊಳಗೇ ಸಮಾಧಾನ ಆಯ್ತು, ಅದನ್ನೂ ಇಲ್ಲಿ ಒಪ್ಕೋಬೇಕು.

ಮಾರನೇ ದಿನ ತಿಂಡಿ ತಿನ್ನುವಾಗ ಒಂದೇ ಪ್ರಶ್ನೆ ಕೇಳಿದಳು: "ರೀ, ಆ ಸಿನಿಮಾ ನೋಡಿದ್ದೀರಾ ನೀವು?"

ನೋಡಿರಲಿಲ್ಲ. ನಾನು ನೋಡಿದ್ದು ಮಿಮಿಕ್ರಿ. ನಮ್ಮೂರು ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿ. ಅಲ್ಲಿ ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಯಾರಾದರೊಬ್ಬ ತಲೆಗೆ ವಿಗ್ ಹಾಕ್ಕೊಂಡು, ಕಣ್ಣು ಅಗಲಿಸಿ, ಕಿಟಾರನೆ ನಕ್ಕರೆ ಅದೇ ಶರಪಂಜರ. ಕಾಲೇಜ್ ಡೇನಲ್ಲೂ ಅಷ್ಟೇ, ಆಮೇಲೆ ವಾಟ್ಸಾಪ್ ಬಂದ ಮೇಲೆ ಅದರಲ್ಲೂ ಅಷ್ಟೇ. ಇಡೀ ಒಂದು ಸಿನಿಮಾ ನನ್ನ ತಲೆಮಾರಿಗೆ ಬರುವಷ್ಟರಲ್ಲಿ ಮೂರು ಸೆಕೆಂಡಿನ ನಗು ಆಗಿತ್ತು. ನಮ್ಮ ಕೆಲಸದಲ್ಲಿ ಫೈಲನ್ನು ಕಂಪ್ರೆಸ್ ಮಾಡುವಾಗ ಏನು ಉಳಿಸಬೇಕು, ಏನು ಬಿಡಬೇಕು ಅಂತ ಯಾರೋ ತೀರ್ಮಾನ ಮಾಡಿರ್ತಾರೆ. ಇಲ್ಲಿ ಯಾರು ಮಾಡಿದರು?

ಆ ವಾರ ರಾತ್ರಿ ಪಾಳಿ ನನ್ನದಾಯ್ತು. ಮಗುವನ್ನು ಹೆಗಲ ಮೇಲೆ ಹಾಕ್ಕೊಂಡು, ಸೌಂಡ್ ಕಮ್ಮಿ ಮಾಡಿ, ಮೂರು ರಾತ್ರಿಯಲ್ಲಿ ಸಿನಿಮಾ ಮುಗಿಸಿದೆ. ಹಂಪಿನಗರದ ಲೈಬ್ರರಿಗೆ ಹೋಗಿ ತ್ರಿವೇಣಿಯವರ ಕಾದಂಬರಿಗಳನ್ನೂ ತಂದೆ.

'ಶರಪಂಜರ' ಬಂದಿದ್ದು 1971ರಲ್ಲಿ. ನಿರ್ದೇಶನ ಪುಟ್ಟಣ್ಣ ಕಣಗಾಲ್. ಕತೆ ತ್ರಿವೇಣಿಯವರದ್ದು, ಅಂದರೆ ಮೈಸೂರಿನ ಅನಸೂಯ ಶಂಕರ್. ಹುಟ್ಟಿದ್ದು 1928. ಮನಸ್ಸಿನ ಕಾಯಿಲೆಯನ್ನು ದೆವ್ವ, ಗ್ರಹಚಾರ, ಕರ್ಮ ಅಂತ ಬರೆಯದೆ ಕಾಯಿಲೆ ಅಂತಲೇ ಬರೆದ ಹೆಂಗಸು. ಇವರ ಹೆಸರು ತೆಗೆದರೆ ನಮ್ಮಲ್ಲಿ ಅನೇಕರು 'ಅಡುಗೆಮನೆ ಸಾಹಿತ್ಯ' ಅಂತ ಮೂಗು ಮುರೀತಾರೆ. ನಾನೂ ಓದದೇ ಮುರಿದಿದ್ದವನೇ. ಸಿನಿಮಾ ನೋಡಲು ಅವರು ಇರಲಿಲ್ಲ. 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ, ಹೆಣ್ಣುಮಗುವನ್ನು ಹೆತ್ತು ಕೆಲವೇ ದಿನಕ್ಕೆ ತೀರಿಕೊಂಡರು. ಬಾಣಂತಿಯ ಸಂಕಟದ ಬಗ್ಗೆ ಬರೆದವರು ಬಾಣಂತಿಯಾಗಿಯೇ ಹೋದರು ಅನ್ನೋದನ್ನ ಓದಿದ ರಾತ್ರಿ ನನಗೆ ನಿದ್ದೆ ಸರಿ ಬರಲಿಲ್ಲ. ಪಕ್ಕದ ರೂಮಲ್ಲಿ ಒಬ್ಬಳು ಬಾಣಂತಿ ಇದ್ದಳಲ್ಲ.

ಕತೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. ಕಾವೇರಿ ಪ್ರೀತಿಸಿ ಮದುವೆಯಾದವಳು. ಹೆರಿಗೆಯ ನಂತರ ಮನಸ್ಸು ಕದಡುತ್ತದೆ. ಆ ಸ್ಥಿತಿಯಲ್ಲಿ ಮದುವೆಗೆ ಮುಂಚಿನದೊಂದು ಕಹಿ ಘಟನೆ ಬಾಯಿಂದ ಹೊರಗೆ ಬರುತ್ತದೆ. ಆಸ್ಪತ್ರೆಗೆ ಸೇರುತ್ತಾಳೆ, ಚಿಕಿತ್ಸೆ ಆಗುತ್ತದೆ, ವಾಸಿಯೂ ಆಗುತ್ತಾಳೆ. ಇದು ಮುಖ್ಯ: ವಾಸಿಯಾಗುತ್ತಾಳೆ. ವಾಸಿಯಾಗದೇ ಇರುವುದು ಮನೆ. ಗಂಡ ಹತ್ತಿರ ಸೇರಿಸುವುದಿಲ್ಲ, ಅವನಿಗೆ ಬೇರೆ ಹೆಣ್ಣಿನ ಸಂಬಂಧ. ಇವಳು ಅಲಂಕಾರ ಮಾಡಿಕೊಂಡರೂ ಸಂಶಯ, ಸಿಟ್ಟು ಬಂದರೂ ಸಂಶಯ. ಕೊನೆಗೆ ಮತ್ತೆ ಕುಸಿಯುತ್ತಾಳೆ. ನಾವೆಲ್ಲ ನಕ್ಕ ಆ ನಗು ಇರುವುದು ಅಲ್ಲಿ, ಇಷ್ಟೆಲ್ಲ ಆದ ಮೇಲೆ.

1975ರಲ್ಲಿ ಇಂಗ್ಲೆಂಡಿನ ಲಾರಾ ಮಲ್ವೀ ಒಂದು ಪ್ರಬಂಧ ಬರೆದರು. ಸಿನಿಮಾದ ಕಣ್ಣು ಗಂಡಸಿನ ಕಣ್ಣು, ಅಲ್ಲಿ ಗಂಡು ನೋಡುವವನು, ಹೆಣ್ಣು ನೋಡಿಸಿಕೊಳ್ಳುವವಳು ಅನ್ನುವುದು ಅದರ ತಿರುಳು. 'ಮೇಲ್ ಗೇಜ್' ಅಂತ ಈಗ ಆಫೀಸಿನ ಟ್ರೇನಿಂಗಿನಲ್ಲೂ ಹೇಳ್ತಾರೆ, ನಾವು ಬಟ್ಟೆ ಬಿಚ್ಚಿದ ಪೋಸ್ಟರಿನ ಮಾತು ಅಂದ್ಕೊಂಡು ಮುಂದಕ್ಕೆ ಹೋಗ್ತೀವಿ. 1986ರಲ್ಲಿ ಬಂದ, ಮಹಿಳೆಯರ ಅಸಭ್ಯ ಚಿತ್ರಣ ನಿಷೇಧಿಸುವ ನಮ್ಮ ಕಾನೂನು ಕೂಡ ಹೆಚ್ಚುಕಮ್ಮಿ ಅದನ್ನೇ ಹುಡುಕುತ್ತದೆ. ಶರಪಂಜರದಲ್ಲಿ ಕಾವೇರಿಯ ಸೀರೆ ಸೆರಗು ಅಲ್ಲಾಡುವುದಿಲ್ಲ. ಆದರೂ ಅಲ್ಲಿ ನೋಟವೇ ಕತೆ. ಮೊದಲರ್ಧದಲ್ಲಿ ಎಲ್ಲರೂ ಅವಳ ಚೆಲುವನ್ನು ನೋಡುತ್ತಾರೆ. ಉಳಿದರ್ಧದಲ್ಲಿ ಅದೇ ಕಣ್ಣುಗಳು ರೋಗದ ಲಕ್ಷಣ ಹುಡುಕುತ್ತವೆ. ಸುಮ್ಮನೆ ಒಂದು ಗಳಿಗೆ ಯಾರೂ ನೋಡದೆ ಇರುವ ಅವಕಾಶ ಅವಳಿಗೆ ಎರಡು ಕಡೆಯೂ ಇಲ್ಲ. ಮಲ್ವೀ ಬರೆಯುವುದಕ್ಕೆ ನಾಲ್ಕು ವರ್ಷ ಮೊದಲೇ ಪುಟ್ಟಣ್ಣ ಇದನ್ನು ತೋರಿಸಿದ್ದರು, ಅದಕ್ಕಿಂತ ಮೊದಲೇ ತ್ರಿವೇಣಿ ಬರೆದಿದ್ದರು.

ಹಾಗಂತ ಪುಟ್ಟಣ್ಣನವರನ್ನು ಪೂರ್ತಿ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಅವರ ಕ್ಯಾಮೆರಾ ಕಾವೇರಿಯ ಪರ ಇದೆ, ನಿಜ. ಆದರೆ ಅವಳ ಕುಸಿತವನ್ನು ಅಷ್ಟು ಜೋರಾಗಿ, ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ತೋರಿಸಿದ ಮೇಲೆ ಜನ ಅದನ್ನೇ ಕಿತ್ತುಕೊಂಡು ಹೋದರು. ಗಂಡನ ಪಾತ್ರವನ್ನು ಯಾರೂ ಮಿಮಿಕ್ರಿ ಮಾಡುವುದಿಲ್ಲ ನೋಡಿ. ಮಾಡೋಕೆ ಅಲ್ಲಿ ಏನೂ ಇಲ್ಲ, ಅವನು ಬರೀ ಸುಮ್ಮನಿರ್ತಾನೆ. ಆ ಸುಮ್ಮನಿರುವಿಕೆಯೇ ಅರ್ಧ ಕಾಯಿಲೆ.

ಕಲ್ಪನಾ 1979ರಲ್ಲಿ, ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹತ್ತಿರ ಗೋಟೂರಿನಲ್ಲಿ ತೀರಿಕೊಂಡರು, ಮೂವತ್ತೈದನೇ ವಯಸ್ಸಿಗೆ. ಯೂಟ್ಯೂಬಿನಲ್ಲಿ ಅವರ ಹೆಸರು ಹುಡುಕಿ, ಕಾವೇರಿಯ ಕೆದರಿದ ಕೂದಲನ್ನೇ ಹಾಕಿ ಅವರ ಬದುಕಿನ ಕತೆ ಹೇಳುವ ವಿಡಿಯೋಗಳು ಈಗಲೂ ಸಿಗುತ್ತವೆ. ಪಾತ್ರ ಯಾವುದು, ಮನುಷ್ಯೆ ಯಾರು ಅನ್ನುವ ವ್ಯತ್ಯಾಸ ಯಾರಿಗೂ ಬೇಡ. ಅದೇ 1979ರಲ್ಲಿ ಅಮೆರಿಕದ ಸಾಂಡ್ರಾ ಗಿಲ್ಬರ್ಟ್ ಮತ್ತು ಸೂಸನ್ ಗೂಬರ್ 'ದಿ ಮ್ಯಾಡ್‌ವುಮನ್ ಇನ್ ದಿ ಅಟಿಕ್' ಅನ್ನುವ ಪುಸ್ತಕ ತಂದರು. ಆ ಹೆಸರು ಬಂದಿದ್ದು 1847ರ 'ಜೇನ್ ಐರ್' ಕಾದಂಬರಿಯ ಅಟ್ಟದಲ್ಲಿ ಕೂಡಿಹಾಕಿದ ಹೆಂಡತಿಯಿಂದ. ನಮ್ಮ ಕಡೆ ಅಟ್ಟದಲ್ಲಿ ಈರುಳ್ಳಿ ಇಡ್ತಾರೆ, ಹೆಂಗಸನ್ನಲ್ಲ. ಅವಳನ್ನು ಹಜಾರದಲ್ಲೇ ಕೂರಿಸಿ, ಮಾತಾಡಿದಾಗಲೆಲ್ಲ ಒಬ್ಬರ ಮುಖ ಒಬ್ಬರು ನೋಡ್ಕೋತಾರೆ.

ಇದನ್ನ ನಾನು ಕಣ್ಣಾರೆ ಕಂಡಿದ್ದೀನಿ. ನನಗೆ ಹತ್ತು ವರ್ಷ ಇದ್ದಾಗ ಚಿಕ್ಕಮ್ಮನಿಗೆ ಹೆರಿಗೆಯಾಗಿ ವಾರಕ್ಕೆ ನಿದ್ದೆ ಹೋಯಿತು, ಸಂಬಂಧವಿಲ್ಲದ ಮಾತು ಶುರುವಾಯಿತು. 'ಬಾಣಂತಿ ಸನ್ನಿ' ಅಂದರು. ತಾಯತ ಕಟ್ಟಿಸಿದರು, ಮಗುವನ್ನು ಅಜ್ಜಿ ಬೇರೆ ಇಟ್ಟುಕೊಂಡರು, ಆಮೇಲೆ ಯಾರೋ ಪುಣ್ಯಾತ್ಮರು ಆಸ್ಪತ್ರೆಗೆ ಕರ್ಕೊಂಡು ಹೋದರು. ಸಾವಿರ ಹೆರಿಗೆಯಲ್ಲಿ ಒಂದೋ ಎರಡೋ ಹೀಗಾಗುತ್ತದೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲೇ, ಚಿಕಿತ್ಸೆ ಕೊಟ್ಟರೆ ವಾಸಿಯಾಗುತ್ತದೆ ಅಂತ ನನಗೆ ಗೊತ್ತಾಗಿದ್ದು ಈಗ. ಇಂಥ ತಾಯಂದಿರನ್ನು ಮಗುವಿನ ಜೊತೆಯಲ್ಲೇ ದಾಖಲು ಮಾಡಿಕೊಳ್ಳುವ ವಿಭಾಗವನ್ನು ನಮ್ಮ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಶುರು ಮಾಡಿದರು. ಚಿಕ್ಕಮ್ಮ ಎರಡು ತಿಂಗಳಲ್ಲಿ ಸರಿಹೋದಳು. ಆಮೇಲಿನ ಇಪ್ಪತ್ತು ವರ್ಷ ಅವಳು ಜಮೀನಿನ ಭಾಗ ಕೇಳಿದರೂ, ಸಾರಿಗೆ ಉಪ್ಪು ಜಾಸ್ತಿಯಾಯ್ತು ಅಂದರೂ, ನಮ್ಮ ಮನೆಯಲ್ಲಿ ಬರುತ್ತಿದ್ದ ಮಾತು: "ಶುರುವಾಯ್ತು ನೋಡು, ಶರಪಂಜರ." ನಾನು ಹೆಂಡತಿಗೆ ಅಂದ ಮಾತನ್ನು ಸಿನಿಮಾದಿಂದ ಕಲಿತಿದ್ದಲ್ಲ.

ಹೆಂಡತಿಗೆ ಆಗಿದ್ದು ಅಷ್ಟು ದೊಡ್ಡದೇನಲ್ಲ. ಡಾಕ್ಟರ್ ಹತ್ತಿರ ಹೋದ್ವಿ, ನಿದ್ದೆ ಸಾಲ್ತಿಲ್ಲ, ಮನಸ್ಸು ಸ್ವಲ್ಪ ಕುಗ್ಗಿದೆ, ಗಮನ ಇಡಿ ಅಂದರು. ಕ್ಷಮೆ ಕೇಳಿದೆ. "ಆಯ್ತು ಬಿಡಿ" ಅಂದಳು. ಪೂರ್ತಿ ಬಿಟ್ಟಿಲ್ಲ ಅಂತ ನನಗೆ ಗೊತ್ತು.

ನಾಮಕರಣಕ್ಕೆ ಚಿಕ್ಕಮ್ಮ ಊರಿಂದ ಬಂದಿದ್ದಳು. ಮೆಜೆಸ್ಟಿಕ್‌ನಿಂದ ವಿಜಯನಗರಕ್ಕೆ ಮೆಟ್ರೋದಲ್ಲಿ ಕರ್ಕೊಂಡು ಬರುವಾಗ, ಕೇಳಬಾರದೋ ಏನೋ, ಕೇಳಿಬಿಟ್ಟೆ.

"ಚಿಕ್ಕಮ್ಮ, ಶರಪಂಜರ ನೋಡಿದ್ದೀಯಾ?"

"ಹ್ಞೂಂ, ಮದುವೆಗೆ ಮುಂಚೆ. ಟೂರಿಂಗ್ ಟಾಕೀಸಲ್ಲಿ, ಎರಡು ಸಲ. ಎಷ್ಟು ಚೆಂದದ ಸೀರೆ ಉಟ್ಟಿದ್ಲು ಅವಳು."

"ಆಮೇಲೆ ನೋಡ್ಲಿಲ್ವಾ?"

"ಟೀವೀಲಿ ಬರೋದು. ಬಂದ್ರೆ ಎದ್ದು ಕೊಟ್ಟಿಗೆ ಕಡೆ ಹೋಗ್ತಿದ್ದೆ" ಅಂದಳು, ಕಿಟಕಿಯಾಚೆ ನೋಡುತ್ತಾ. "ಎಲ್ರೂ ಟೀವಿ ಬಿಟ್ಟು ನನ್ನೇ ನೋಡೋರು ಕಣಪ್ಪ."

ಇಳಿಯುವ ಸ್ಟೇಷನ್ ಬಂತು. ಅವಳ ಬ್ಯಾಗಲ್ಲಿ ಮಗುವಿಗೆ ಅಂತ ತಂದ ಹರಳೆಣ್ಣೆ ಬಾಟ್ಲಿ ಇತ್ತು, ಅದು ಚೆಲ್ಲದ ಹಾಗೆ ಹಿಡ್ಕೊ ಅಂತ ನನ್ನ ಕೈಗೆ ಕೊಟ್ಟಳು.