ಕಾರು ಬಂತು, ನಿಲ್ಲಿಸೋಕೆ ಜಾಗ ಎಲ್ಲಿ?

ಪೋಸ್ಟ್ ಸ್ವಲ್ಪ ಉದ್ದ ಉಂಟು, ಪುರ್ಸೊತ್ತು ಮಾಡ್ಕೊಂಡು ಓದಿ.

ಮಂಗಳೂರಿನ ಸುರತ್ಕಲ್ ಕಡೆ ಕಾರ್ ಪಾರ್ಕಿಂಗ್ ಇರುವ ಬಾಡಿಗೆ ಫ್ಲ್ಯಾಟ್ ಹುಡುಕುವುದು ಯಾರಿಗೂ ಸುಲಭ ಅಲ್ಲ. ಎನ್‌ಐಟಿಕೆ, ಎಂಆರ್‌ಪಿಎಲ್, ಪಣಂಬೂರು ಬಂದರು ಅಂತ ಕೆಲಸಕ್ಕೆ ಬಂದವರೆಲ್ಲ ಅಲ್ಲೇ ಮನೆ ಕೇಳ್ತಾರೆ. ಆದರೆ ನಮ್ಮವರಿಗೆ ಇನ್ನೊಂದು ಪರೀಕ್ಷೆಯೂ ಉಂಟು. ಕರಾವಳಿಯಲ್ಲಿ ಶೆಟ್ಟಿ, ಭಟ್, ಪೂಜಾರಿ, ಕಾಮತ್ ಅಂತ ಹೆಸರಿನ ಕೊನೆಯಲ್ಲೇ ಜಾತಿ ಗೊತ್ತಾಗ್ತದೆ. ಅದಿಲ್ಲದ ಹೆಸರು ಹೇಳಿದ ಕೂಡಲೇ "ಸರ್‌ನೇಮ್ ಎಂತ?" ಅಂತ ಶುರು.

ನನ್ನ ಅಕ್ಕನ ಮಗನಿಗೆ ಹೋದ ವರ್ಷ ಇದೇ ಆಯ್ತು. ಮಾಲೀಕರು ಮನೆ ತೋರಿಸಿದರು, ಕೆಳಗೆ ಕಾರು ನಿಲ್ಲಿಸುವ ಜಾಗವನ್ನೂ ತೋರಿಸಿದರು. ಆಧಾರ್ ಕಾಪಿ ನೋಡಿ, ಊರು, ಸರ್‌ನೇಮ್ ಎಲ್ಲ ವಿಚಾರಿಸಿದ ಮೇಲೆ ಸಂಜೆ ಫೋನು: "ಪಾರ್ಕಿಂಗ್ ಬೇರೆಯವರಿಗೆ ಕೊಟ್ಟಾಯ್ತು." ಪರವಾಗಿಲ್ಲ, ಕಾರು ಹೊರಗೆ ಇಡ್ತೇನೆ ಅಂದ. "ಇಲ್ಲ, ಮನೆಯೂ ಹೋಯ್ತು." ಎರಡು ವಾರ ಕಳೆದರೂ ಗೇಟಿನ ಮೇಲೆ ಟು-ಲೆಟ್ ಬೋರ್ಡು ಹಾಗೇ ಇತ್ತು.

ಗಾಡಿ ಮತ್ತು ಮನೆ, ಈ ಎರಡರ ವಿಷಯದಲ್ಲಿ ನಮಗಾದ ಅವಮಾನಕ್ಕೆ ದೊಡ್ಡ ಚರಿತ್ರೆಯೇ ಉಂಟು. 1901ರಲ್ಲಿ ಬಾಲಕ ಭೀಮರಾವ್ ಅಣ್ಣನ ಜೊತೆ ಅಪ್ಪನನ್ನು ನೋಡಲು ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ, ಮಹಾರ್ ಮಕ್ಕಳು ಅಂತ ತಿಳಿದು ಯಾವ ಗಾಡಿಯವನೂ ಬರಲಿಲ್ಲ. ಕೊನೆಗೆ ಒಬ್ಬ ಒಪ್ಪಿದ್ದು ಎರಡು ಪಟ್ಟು ಬಾಡಿಗೆಗೆ, ಅದೂ ಮಕ್ಕಳೇ ಗಾಡಿ ಹೊಡೆಯಬೇಕು ಅನ್ನುವ ಷರತ್ತಿನ ಮೇಲೆ. 1929ರಲ್ಲಿ ಚಾಳೀಸ್‌ಗಾಂವ್‌ನಲ್ಲೂ ಟಾಂಗಾದವರು ಒಪ್ಪಲಿಲ್ಲ. ಟಾಂಗಾ ಓಡಿಸಿ ಅಭ್ಯಾಸ ಇಲ್ಲದ ನಮ್ಮವನೊಬ್ಬ ಓಡಿಸಬೇಕಾಯ್ತು, ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿಯಿತು.

ಇನ್ನು ಮನೆ. ವಿದೇಶದಲ್ಲಿ ಓದಿ ಬಂದು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಸೇರಿದಾಗ ಅವರಿಗೆ ಸಿಕ್ಕಿದ್ದು ಪಾರ್ಸಿ ಛತ್ರ, ಅದೂ ಪಾರ್ಸಿ ಹೆಸರು ಹೇಳಿಕೊಂಡು. ಹನ್ನೊಂದನೇ ದಿನ ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದರು. ಒಬ್ಬ ಹಿಂದೂ ಸ್ನೇಹಿತ, ಒಬ್ಬ ಕ್ರೈಸ್ತ ಸ್ನೇಹಿತ, ಇಬ್ಬರೂ ಜಾಗ ಕೊಡಲಿಲ್ಲ. ರಾತ್ರಿ ಮುಂಬೈ ರೈಲು ಬರುವವರೆಗೆ ಪಾರ್ಕಿನಲ್ಲಿ ಕೂತರು. ಡಿಗ್ರಿ ಇತ್ತು, ಸಂಬಳ ಇತ್ತು, ಮನೆ ಇರಲಿಲ್ಲ.

ನಮ್ಮ ಮಂಗಳೂರಿಗೆ ಬನ್ನಿ. 1897ರಲ್ಲಿ ವಕೀಲ ಕುದ್ಮುಲ್ ರಂಗರಾವ್ ಇಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ನಮ್ಮವರಿಗೆ ಶಾಲೆ ತೆರೆದರು, ನೆಲೆ ಮಾಡಿಕೊಟ್ಟರು. ತನ್ನ ಶಾಲೆಯಲ್ಲಿ ಕಲಿತ ಮಕ್ಕಳು ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಅನ್ನುವುದು ಅವರ ಆಸೆಯಾಗಿತ್ತು ಅಂತ ಇಲ್ಲಿ ಎಲ್ಲರೂ ಹೇಳ್ತಾರೆ. ಪುರಭವನಕ್ಕೆ ಅವರ ಹೆಸರಿಟ್ಟಾಯ್ತು, ಜಯಂತಿಗೆ ಹಾರ ಹಾಕಿಯೂ ಆಯ್ತು. ಈಗ ನಮ್ಮ ಮಕ್ಕಳು ಲೋನ್ ಮಾಡಿ ಕಾರು ತಗೊಂಡಿದ್ದಾರೆ. ಧೂಳಿಗೆ ಬೇಡ ಅನ್ನದ ಊರು, ಕಾರು ಗೇಟಿನ ಒಳಗೆ ಬಂದರೆ ಬೇಡ ಅನ್ನುತ್ತದೆ. ಸ್ವಂತ ಮನೆ ಕಟ್ಟೋಣ ಅಂದರೆ, ನಮಗೆಂದೇ ಕಾದಿರಿಸಿದ ಡಿ.ಸಿ. ಮನ್ನಾ ಜಾಗಕ್ಕೆ ಇವತ್ತಿಗೂ ಅರ್ಜಿ ಹಿಡಿದು ಅಲೀಬೇಕು.

"ಅವರ ಮನೆ, ಅವರಿಷ್ಟ" ಅನ್ನುವವರು ನಮ್ಮಲ್ಲೂ ಇದ್ದಾರೆ. ಅವರು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಓದಲಿ. 1976ರ ತಿದ್ದುಪಡಿಯಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಾಯ್ತು. ಯಾವುದೇ ಪ್ರದೇಶದಲ್ಲಿ ವಾಸದ ಮನೆ ಕಟ್ಟುವುದಕ್ಕೆ, ಪಡೆಯುವುದಕ್ಕೆ, ಅದರಲ್ಲಿ ಇರುವುದಕ್ಕೆ ಅಸ್ಪೃಶ್ಯತೆಯ ಕಾರಣದಿಂದ ನಿರ್ಬಂಧ ಹೇರಿದರೆ 4ನೇ ಸೆಕ್ಷನ್ ಪ್ರಕಾರ ಅಪರಾಧ. 12ನೇ ಸೆಕ್ಷನ್ ಇನ್ನೂ ಮುಖ್ಯ. ನೊಂದವರು ಪರಿಶಿಷ್ಟ ಜಾತಿಯವರಾದರೆ, ಆ ಕೃತ್ಯ ಅಸ್ಪೃಶ್ಯತೆಯಿಂದಲೇ ನಡೆದಿದೆ ಅಂತ ಕೋರ್ಟು ಭಾವಿಸಬೇಕು, ಅಲ್ಲ ಅಂತ ತೋರಿಸುವ ಹೊಣೆ ಎದುರಿನವರದ್ದು.

ಬಾಯಿಬಿಟ್ಟು ಜಾತಿ ಹೇಳಿದರೆ ಸಿಕ್ಕಿಬೀಳ್ತೇವೆ ಅಂತ ಅವರಿಗೆ ಗೊತ್ತು. ಅದಕ್ಕೇ ಪಾರ್ಕಿಂಗ್ ಇಲ್ಲ, ವೆಜ್ ಮಾತ್ರ, ಮಗ ಬರ್ತಾನೆ ಅನ್ನುವ ನೆಪಗಳು. ಹಾಗಾಗಿ ಇನ್ನು ಮುಂದೆ ಮನೆ ಕೇಳಲು ಹೋದಾಗ ಒಬ್ಬರು ಜೊತೆಗಿರಲಿ. ವಾಟ್ಸಾಪ್ ಮೆಸೇಜು ಡಿಲೀಟ್ ಮಾಡಬೇಡಿ. "ಹೋಯ್ತು" ಅಂದ ಮೇಲೂ ಬೋರ್ಡು ಇದ್ದರೆ ತಾರೀಕು ಕಾಣುವ ಹಾಗೆ ಫೋಟೋ ತೆಗೀರಿ. ದೂರು ಬರೆಯಲು ಬರದಿದ್ದರೆ ಹೇಳಿ, ನಾನೇ ಕೂತು ಬರೆದುಕೊಡ್ತೇನೆ. ಇಪ್ಪತ್ತು ವರ್ಷ ಗುಮಾಸ್ತನಾಗಿ ಅರ್ಜಿ ಬರೆದ ಕೈ ಇದು.

ನಾವು ಕೇಳ್ತಿರೋದು ದಾನ ಅಲ್ಲ ಮಾರಾಯ್ರೆ. ಅಡ್ವಾನ್ಸೂ ನಮ್ಮದೇ, ಬಾಡಿಗೆಯೂ ನಮ್ಮದೇ.

ಜೈ ಭೀಮ್.