ಬೈಬಲಿನ ಸೋದರಿಕೆ ಮದುವೆಗಳು: ಒಂದು ಅಧ್ಯಯನ ನಡೆದುಬಂದ ದಾರಿ

ಬೈಬಲಿನಲ್ಲಿ ಬರುವ ರಕ್ತಸಂಬಂಧದ ಮದುವೆಗಳ ಬಗ್ಗೆ ಒಂದು ವಿವರಣೆ ಈಗ ಬಹಳ ಚಲಾವಣೆಯಲ್ಲಿದೆ. ಆದಾಮನ ಕಾಲದಲ್ಲಿ ಮನುಷ್ಯರ ವಂಶವಾಹಿಗಳು ನಿರ್ಮಲವಾಗಿದ್ದವಂತೆ, ಹಾಗಾಗಿ ಕಾಯಿನನು ಒಡಹುಟ್ಟಿದವಳನ್ನು ಮದುವೆಯಾದರೂ ಕೇಡಾಗಲಿಲ್ಲವಂತೆ. ಮೋಶೆಯ ಕಾಲಕ್ಕೆ ದೋಷಗಳು ಕೂಡಿಕೊಂಡಿದ್ದವು, ಅದನ್ನು ಬಲ್ಲ ದೇವರು ಯಾಜಕಕಾಂಡದಲ್ಲಿ ನಿಷೇಧ ಹಾಕಿದನು ಎಂಬ ವಾದ ಅದು. ಇದನ್ನು ಪ್ರಸಂಗಗಳಲ್ಲಿ ಕೇಳುತ್ತೇವೆ, ಕಿರುಹೊತ್ತಗೆಗಳಲ್ಲಿ ಓದುತ್ತೇವೆ. ಇನ್ನೊಂದೆಡೆ, ಅಬ್ರಹಾಮ, ಯಾಕೋಬರೇ ಸಂಬಂಧದೊಳಗೆ ಮದುವೆಯಾದ ಮೇಲೆ ನಮಗೇನು ಅಡ್ಡಿ ಎನ್ನುವ ಕುಟುಂಬಗಳೂ ಇವೆ. ಈ ವಿಷಯವನ್ನು ಬಹುಕಾಲ ಓದಿ, ಪಾಠ ಹೇಳಿದ ನನಗೆ ಎರಡೂ ಮಾತು ನೋವು ತರುತ್ತವೆ. ನೂರು ವರ್ಷಕ್ಕೂ ಮೀರಿ ನಡೆದ ಗಂಭೀರ ಅಧ್ಯಯನವೊಂದು ನಮ್ಮ ಸಭೆಗಳ ಬಾಗಿಲಿಗೇ ಬಂದಿಲ್ಲ ಎಂಬುದಕ್ಕೆ ಇವು ಸಾಕ್ಷಿ.

ಮೊದಲು ಮೂಲದಲ್ಲಿ ಏನಿದೆ ನೋಡೋಣ. ಹೆಂಡತಿ ಸಾರಳು ತನ್ನ ತಂದೆಯ ಮಗಳು, ತನ್ನ ತಾಯಿಯ ಮಗಳಲ್ಲ ಎಂದು ಅಬ್ರಹಾಮನೇ ಹೇಳುತ್ತಾನೆ. ಅವನ ತಮ್ಮ ನಾಹೋರನು ಸೋದರನ ಮಗಳಾದ ಮಿಲ್ಕಾಳನ್ನು ಮದುವೆಯಾದನು. ಯಾಕೋಬನು ಸೋದರಮಾವ ಲಾಬಾನನ ಇಬ್ಬರು ಹೆಣ್ಣುಮಕ್ಕಳನ್ನೂ ಕೈಹಿಡಿದನು. ಮೋಶೆಯ ತಂದೆ ಅಮ್ರಾಮನಿಗೆ ಹೆಂಡತಿಯಾಗಿ ಬಂದವಳು ಅವನ ಸೋದರತ್ತೆ ಯೋಕೆಬೆದ್. ಇವುಗಳಲ್ಲಿ ಅಬ್ರಹಾಮನ ಮದುವೆ, ಅಮ್ರಾಮನ ಮದುವೆ, ಅಕ್ಕತಂಗಿಯರಿಬ್ಬರನ್ನು ಒಟ್ಟಿಗೆ ಮನೆ ತುಂಬಿಸಿಕೊಂಡ ಯಾಕೋಬನ ಮದುವೆ, ಈ ಮೂರನ್ನೂ ಯಾಜಕಕಾಂಡದ 18ನೆಯ ಅಧ್ಯಾಯ ನಿಷೇಧಿಸುತ್ತದೆ. ಧರ್ಮಶಾಸ್ತ್ರವನ್ನು ಜನರಿಗೆ ತಂದುಕೊಟ್ಟ ಮೋಶೆಯೇ ಆ ಶಾಸ್ತ್ರ ಒಪ್ಪದ ದಾಂಪತ್ಯದಲ್ಲಿ ಹುಟ್ಟಿದವನು. ಬೈಬಲು ಇದನ್ನು ಮರೆಮಾಚಿಲ್ಲ. ಅದರ ಈ ನೇರವಂತಿಕೆ ನನಗೆ ಯಾವತ್ತೂ ದೊಡ್ಡದಾಗಿ ಕಂಡಿದೆ.

ಹಳೆಯ ವ್ಯಾಖ್ಯಾನಕಾರರಿಗೂ ಈ ತೊಡಕು ಗೊತ್ತಿತ್ತು. ಮೊದಮೊದಲು ಬೇರೆ ಜನರಿಲ್ಲದ್ದರಿಂದ ಒಡಹುಟ್ಟಿದವರ ಮದುವೆ ಅನಿವಾರ್ಯವಾಗಿತ್ತು, ಆಮೇಲೆ ಹೊರಗಿನಿಂದ ಹೆಣ್ಣು ತಂದರೆ ನಂಟಸ್ತಿಕೆ ಹರಡಿ ಸಮಾಜ ಬೆಸೆಯುತ್ತದೆ ಎಂದು ಸಂತ ಅಗಸ್ಟೀನ್ ಬರೆದರು. ಆಮೇಲಿನ ಸಾವಿರ ವರ್ಷ ಹೆಚ್ಚಾಗಿ ತಲೆಮಾರು ಎಣಿಸುವುದರಲ್ಲೇ ಕಳೆಯಿತು. ಚರ್ಚು ಏಳನೆಯ ತಲೆಯವರೆಗೂ ಚಾಚಿದ್ದ ನಿಷೇಧವನ್ನು 1215ರ ಲ್ಯಾಟರನ್ ಮಹಾಸಭೆ ನಾಲ್ಕಕ್ಕೆ ಇಳಿಸಿತು. ಇಂಗ್ಲೆಂಡಿನ ಎಂಟನೆಯ ಹೆನ್ರಿ ಅಣ್ಣನ ವಿಧವೆಯನ್ನು ಮದುವೆಯಾಗಿ, ಬೇಡವಾದಾಗ ಅತ್ತಿಗೆ ಕೂಡದೆನ್ನುವ ಯಾಜಕಕಾಂಡದ ವಚನ ಹಿಡಿದುಕೊಂಡ. ಅವನ ವಿರೋಧಿಗಳು ಮೈದುನಧರ್ಮ, ಅಂದರೆ ಮಗನಿಲ್ಲದೆ ಸತ್ತ ಸೋದರನ ವಿಧವೆಯನ್ನು ಮದುವೆಯಾಗಬೇಕೆಂದು ಹೇಳುವ ಧರ್ಮೋಪದೇಶಕಾಂಡದ ವಚನ ಹಿಡಿದರು. ಈ ವಾಗ್ವಾದದಿಂದ ಅರಸೊತ್ತಿಗೆಗೆ ಪ್ರಯೋಜನವಾಯಿತು, ತಿಳಿವಳಿಕೆ ಬೆಳೆಯಲಿಲ್ಲ.

ನಿಜವಾದ ತಿರುವು ಕೊಟ್ಟದ್ದು ಮಾನವಶಾಸ್ತ್ರ. ಬೈಬಲ್ ವಿಮರ್ಶೆಗಾಗಿ 1881ರಲ್ಲಿ ಅಬರ್ಡೀನಿನ ಅಧ್ಯಾಪಕ ಹುದ್ದೆ ಕಳೆದುಕೊಂಡ ವಿಲಿಯಂ ರಾಬರ್ಟ್‌ಸನ್ ಸ್ಮಿತ್, 1885ರಲ್ಲಿ ಪ್ರಾಚೀನ ಅರಬ್ಬರ ಕುಲ ಮತ್ತು ಮದುವೆಯ ಬಗ್ಗೆ ಪುಸ್ತಕ ತಂದರು. ಅವರಿಂದ ಪ್ರೇರಣೆ ಪಡೆದ ಮಾನವಶಾಸ್ತ್ರಜ್ಞ ಫ್ರೇಜರ್, 1918ರ ತಮ್ಮ ಹಳೆಯ ಒಡಂಬಡಿಕೆಯ ಜಾನಪದ ಗ್ರಂಥದಲ್ಲಿ ಯಾಕೋಬನ ಮದುವೆಯನ್ನು ವಿವರಿಸಲು ದಕ್ಷಿಣ ಭಾರತದ ಕಡೆಗೇ ತಿರುಗಿದರು. ಸೋದರಮಾವನ ಮಗಳನ್ನು ತರುವ ನಮ್ಮ ಪದ್ಧತಿಯ ವಿವರಗಳು ಆ ಅಧ್ಯಾಯದಲ್ಲಿ ತುಂಬಿವೆ. ಅವರ ಸಿದ್ಧಾಂತಗಳು ಇಂದು ಸವೆದಿವೆ. ಆದರೆ ಲಾಬಾನನ ಮನೆಯನ್ನು ಅರ್ಥಮಾಡಿಕೊಳ್ಳಲು ಲಂಡನ್ನಿನ ವಾಡಿಕೆಗಿಂತ ನಮ್ಮ ಹಳ್ಳಿಯ ವಾಡಿಕೆ ಹತ್ತಿರ ಎಂಬ ಅವರ ಊಹೆ ಸವೆದಿಲ್ಲ. 1960ರ ದಶಕದಲ್ಲಿ ಬೈಬಲ್ ವಿದ್ವಾಂಸ ಸ್ಪೈಸರ್, ನೂಜಿ ಎಂಬ ಪ್ರಾಚೀನ ಪಟ್ಟಣದ ಮಣ್ಣಿನ ಹಲಗೆಗಳಲ್ಲಿ ಹೆಂಡತಿಯನ್ನು ತಂಗಿಯಾಗಿ ಸ್ವೀಕರಿಸುವ ಪದ್ಧತಿ ಇದೆಯೆಂದು ತೋರಿಸಿ ಸಾರಳ ಪ್ರಸಂಗವನ್ನು ಬಿಡಿಸಲು ನೋಡಿದರು. 1970ರ ದಶಕದಲ್ಲಿ ಥಾಮಸ್ ಥಾಂಪ್ಸನ್, ವಾನ್ ಸೀಟರ್ಸ್ ಅದನ್ನು ಕೆಡವಿದರು. ಕೆಲವು ಪಾಠಪುಸ್ತಕಗಳು ಅದನ್ನು ಬಹುಕಾಲ ಹೊತ್ತು ತಿರುಗಿದವು.

ನನ್ನ ತಲೆಮಾರಿನವರು ಕಲಿತದ್ದು ಮಾನವಶಾಸ್ತ್ರಜ್ಞರಾದ ಎಡ್ಮಂಡ್ ಲೀಚ್, ಮೇರಿ ಡಗ್ಲಸ್, ಜ್ಯಾಕ್ ಗುಡಿ ಇವರಿಂದ. ಬಿಡಿ ವಚನವನ್ನು ಕಿತ್ತು ನೋಡಬೇಡಿ, ಯಾರು ಯಾರನ್ನು ತಂದರು, ಆಸ್ತಿ ಎಲ್ಲಿಗೆ ಹೋಯಿತು ಎಂದು ಕೇಳಿ ಎಂಬುದು ಅವರು ಕೊಟ್ಟ ದೀಕ್ಷೆ. ಆ ಪ್ರಶ್ನೆ ಇಟ್ಟುಕೊಂಡು ಅರಣ್ಯಕಾಂಡದ 36ನೆಯ ಅಧ್ಯಾಯ ಓದಬೇಕು. ಚಲ್ಪಹಾದನಿಗೆ ಗಂಡುಮಕ್ಕಳಿಲ್ಲ, ಐವರು ಹೆಣ್ಣುಮಕ್ಕಳು. ತಂದೆಯ ಭೂಮಿ ತಮಗೆ ಬರಬೇಕೆಂದು ಅವರು ಮೋಶೆಯ ಮುಂದೆ ನಿಂತು ಗೆದ್ದವರು. ಆದರೆ ಹೊರಗಿನವರನ್ನು ಮದುವೆಯಾದರೆ ಭೂಮಿ ಬೇರೆ ಕುಲಕ್ಕೆ ಹೋಗುತ್ತದೆ ಎಂದು ಹಿರಿಯರು ತಕರಾರು ತೆಗೆದರು. ಸ್ವಂತ ಕುಲದೊಳಗೇ ಮದುವೆಯಾಗಬೇಕೆಂಬ ಆಜ್ಞೆ ಬಂತು. ಐವರೂ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳನ್ನು ಮದುವೆಯಾದರು. ಯಾಕೋಬನ ಮದುವೆಗೆ ತಲೆದೂಗುವ ಕನ್ನಡದ ಓದುಗರು ಇಲ್ಲಿ ಬೆಚ್ಚಿಬೀಳುತ್ತಾರೆ. ನಮ್ಮ ಬಹುತೇಕ ಮನೆಗಳಲ್ಲಿ ಚಿಕ್ಕಪ್ಪನ ಮಗ ಎಂದರೆ ಅಣ್ಣ, ತಮ್ಮ. ವಂಶವಾಹಿಯ ಲೆಕ್ಕದಲ್ಲಾದರೋ ಎರಡೂ ಮದುವೆ ಒಂದೇ ತೂಕ.

ಇನ್ನು ಆ ಲೆಕ್ಕ. 1902ರಲ್ಲಿ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್, ಮೂತ್ರ ಕಪ್ಪಾಗುವ ಆಲ್ಕಾಪ್ಟನ್ಯೂರಿಯ ರೋಗದ ಮಕ್ಕಳಲ್ಲಿ ಅನೇಕರ ತಂದೆತಾಯಿ ಸೋದರಿಕೆಯವರೆಂದು ಗುರುತಿಸಿದರು. ಒಂದೇ ಹಿರಿಯರಿಂದ ಬಂದ ದೋಷವುಳ್ಳ ವಂಶವಾಹಿ ತಂದೆ ತಾಯಿ ಇಬ್ಬರಿಂದಲೂ ಮಗುವಿಗೆ ಸೇರಿದಾಗ ಇಂಥ ರೋಗ ಹೊರಬೀಳುತ್ತದೆ. ಒಂದೇ ಹಿರಿಯರ ವಂಶವಾಹಿ ಹೀಗೆ ಎರಡೂ ಕಡೆಯಿಂದ ಸೇರುವ ಸಾಧ್ಯತೆಯನ್ನು ಅಳೆಯುವ ಸೂತ್ರವನ್ನು 1922ರಲ್ಲಿ ತಳಿಶಾಸ್ತ್ರಜ್ಞ ಸಿವಾಲ್ ರೈಟ್ ಕೊಟ್ಟರು. ಅದರ ಪ್ರಕಾರ ಸೋದರಮಾವನ ಅಥವಾ ಚಿಕ್ಕಪ್ಪನ ಮಕ್ಕಳೊಡನೆ ಆದ ಮದುವೆಯ ಸಂತಾನದಲ್ಲಿ ಈ ಪ್ರಮಾಣ ಹದಿನಾರರಲ್ಲೊಂದು. ತಂದೆಯೊಬ್ಬನೇ ಆಗಿ ತಾಯಿ ಬೇರೆಯಾದ ಅಣ್ಣತಂಗಿಯರದ್ದು ಎಂಟರಲ್ಲೊಂದು. ಸೋದರತ್ತೆಯನ್ನು ಮದುವೆಯಾದರೆ ಎಂಟರಲ್ಲೊಂದು. ಅಕ್ಕನ ಮಗಳನ್ನು ಮದುವೆಯಾದರೂ ಅಷ್ಟೇ, ಎಂಟರಲ್ಲೊಂದು.

ಎಂಟರಲ್ಲೊಂದಾದ ಈ ಮೂರನ್ನೂ ಯಾಜಕಕಾಂಡದ ಪಕ್ಕದಲ್ಲಿಟ್ಟು ನೋಡಿ. ಮಲತಂಗಿ ನಿಷಿದ್ಧ, ಅತ್ತೆ ನಿಷಿದ್ಧ, ಅಣ್ಣನ ಅಥವಾ ಅಕ್ಕನ ಮಗಳ ಬಗ್ಗೆ ಮಾತೇ ಇಲ್ಲ. ರಕ್ತದ ನಂಟೇ ಇಲ್ಲದ ಸೊಸೆ, ಮಲತಾಯಿ, ಅತ್ತಿಗೆ ನಿಷಿದ್ಧ. ರೋಗ ತಡೆಯಲು ಬರೆದ ಪಟ್ಟಿ ಹೀಗಿರಲು ಸಾಧ್ಯವಿಲ್ಲ. ಮೂರು ನಾಲ್ಕು ತಲೆಮಾರು ಒಂದೇ ಸೂರಿನಡಿ ಬಾಳುವಾಗ ಯಾವ ಗಂಡಸು ಯಾವ ಹೆಂಗಸಿನ ಮೇಲೆ ಕೈ ಹಾಕಕೂಡದು ಎಂದು ಕಟ್ಟಿದ ಬೇಲಿ ಅದು. ಹೀಗೆ ಓದಿದರೆ ವಚನದ ಘನತೆ ಕುಗ್ಗುವುದಿಲ್ಲ, ಹೆಚ್ಚುತ್ತದೆ.

ಅಣ್ಣನ, ಅಕ್ಕನ ಮಗಳ ವಿಷಯದಲ್ಲಿನ ಆ ಮೌನದ ಬಗ್ಗೆ ಯೆಹೂದ್ಯರಲ್ಲೇ ಜಗಳವಿತ್ತು. ಸೋದರಿಯ ಮಗಳನ್ನು ಮದುವೆಯಾಗುವವನನ್ನು ತಾಲ್ಮೂದ್ ಹೊಗಳುತ್ತದೆ. ಕೈರೋದ ಸಿನಗಾಗ್ ಒಂದರ ಹಳೆಯ ಕಾಗದಗಳಲ್ಲಿ ಸಿಕ್ಕು 1910ರಲ್ಲಿ ಅಚ್ಚಾದ, ಆಮೇಲೆ ಕುಮ್ರಾನಿನ ಗುಹೆಗಳಲ್ಲೂ ದೊರೆತ ದಮಸ್ಕ ದಸ್ತಾವೇಜು ಇದಕ್ಕೆ ಪೂರಾ ವಿರುದ್ಧ. ಶಾಸ್ತ್ರವನ್ನು ಗಂಡಸರನ್ನು ಉದ್ದೇಶಿಸಿ ಬರೆದಿದ್ದರೂ ಅದು ಹೆಂಗಸರಿಗೂ ಅಷ್ಟೇ ಅನ್ವಯಿಸುತ್ತದೆ, ತಾಯಿಯ ತಂಗಿ ಕೂಡದೆಂದರೆ ಸೋದರಿಯ ಮಗಳೂ ಕೂಡದು ಎಂಬುದು ಅದರ ತರ್ಕ. ಎರಡು ಸಾವಿರ ವರ್ಷದ ಹಿಂದೆ ಹೆಣ್ಣಿನ ಕಡೆಯಿಂದಲೂ ನಂಟನ್ನು ಎಣಿಸಿದ ಈ ಓದಿಗೆ ಸಲ್ಲಬೇಕಾದ ಗೌರವ ಸಂದಿಲ್ಲ. 1563ರ ಆಂಗ್ಲಿಕನ್ ನಂಟಿನ ಪಟ್ಟಿಯೂ ಅಕ್ಕನ ಮಗಳನ್ನು ನಿಷೇಧಿಸಿತು, ಸೋದರಮಾವನ ಮಗಳನ್ನು ಬಿಟ್ಟಿತು. ಕ್ಯಾಥೊಲಿಕರಲ್ಲಿ ಎರಡಕ್ಕೂ ತಡೆಯಿದೆ, ಚರ್ಚಿನ ಅಧಿಕಾರಿಗಳು ವಿನಾಯಿತಿ ಕೊಡಬಹುದು.

ತಳಿಶಾಸ್ತ್ರದ ಕಥೆಯಲ್ಲಿ ಬೆಂಗಳೂರಿಗೆ ದೊಡ್ಡ ಸ್ಥಾನವಿದೆ. ಎ. ಎಚ್. ಬಿಟಲ್ಸ್, ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಹಿಂದೂ, ಮುಸ್ಲಿಂ, ಕ್ರೈಸ್ತ ದಂಪತಿಗಳನ್ನು ಅಧ್ಯಯನ ಮಾಡಿದರು. ಒಟ್ಟು 1,07,518 ಜೋಡಿಗಳು, ಅವರಲ್ಲಿ ಶೇ. 31.4ರಷ್ಟು ಸಂಬಂಧದೊಳಗಿನ ಮದುವೆ. ತಲೆಮಾರುಗಳಿಂದ ಹೀಗೆ ಮದುವೆಯಾಗುತ್ತ ಬಂದ ದಕ್ಷಿಣದಲ್ಲಿ ಕೆಟ್ಟ ವಂಶವಾಹಿಗಳು ತೊಳೆದುಹೋಗಿರಬಹುದೆಂದು ಎಲ್. ಡಿ. ಸಂಘ್ವಿ 1966ರಲ್ಲಿ ಊಹಿಸಿದ್ದರು. ಆ ಭರವಸೆ ನಿಲ್ಲಲಿಲ್ಲ. ಹಾಗೆಂದು ಭಯವನ್ನೂ ಅಳೆದು ಹೇಳಬೇಕು. ಬ್ರಿಟನ್ನಿನ ಬ್ರ್ಯಾಡ್‌ಫರ್ಡ್ ನಗರದ ಶಿಶುಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟುದೋಷದ ಪ್ರಮಾಣ ಸುಮಾರು ಶೇ. 3 ಇದ್ದದ್ದು ಸೋದರಿಕೆ ಮದುವೆಗಳಲ್ಲಿ ಸುಮಾರು ಶೇ. 6 ಆಗಿತ್ತು. ಅಪಾಯ ಇಮ್ಮಡಿಯಾಯಿತು, ಆದರೂ ಬಹುಪಾಲು ಮಕ್ಕಳು ಆರೋಗ್ಯವಾಗಿ ಹುಟ್ಟಿದರು. ಎರಡನ್ನೂ ಒಟ್ಟಿಗೆ ಹೇಳದ ವೈದ್ಯರಾಗಲಿ ಪಾದ್ರಿಗಳಾಗಲಿ ಅರ್ಧ ಸತ್ಯವನ್ನಷ್ಟೇ ಹೇಳಿದಂತೆ.

ಈ ಇಡೀ ಅಧ್ಯಯನದಲ್ಲಿ ತೀರ ಕಡಿಮೆ ಕೇಳಿಬಂದದ್ದು ಹುಡುಗಿಯ ಮಾತು. ಹೊರಡುತ್ತೀಯಾ ಎಂದು ರೆಬೆಕ್ಕಳನ್ನು ಕೇಳಿದರು, ಲೇಯಾಳನ್ನು ಯಾರೂ ಕೇಳಿದ್ದು ಕಾಣುವುದಿಲ್ಲ. ಆಸ್ತಿ ಚದುರಬಾರದು, ಮಗಳು ಕಣ್ಣೆದುರಿಗಿರಲಿ ಎಂದು ತಮ್ಮನಿಗೇ ಮಗಳನ್ನು ಕೊಡುವ ಮನೆಗಳು ನಮ್ಮಲ್ಲಿ ಈಗಲೂ ಇವೆ. ಹುಟ್ಟಿದ ಮಗು ಕಿವುಡಾದರೆ, ಎಳೆಯದರಲ್ಲೇ ತೀರಿಕೊಂಡರೆ ಎಲ್ಲರೂ ಬೆರಳು ತೋರಿಸುವುದು ಅವಳ ಕಡೆಗೇ. ತಂದೆತಾಯಿ ಇಬ್ಬರಿಂದಲೂ ಬಂದ ವಂಶವಾಹಿಗೆ ಅವಳೊಬ್ಬಳನ್ನೇ ಹೊಣೆ ಮಾಡುವುದು ವಿಜ್ಞಾನಕ್ಕೂ ಸಲ್ಲದು, ಸುವಾರ್ತೆಗೂ ಸಲ್ಲದು.

ಸಭಾಪಾಲಕರಲ್ಲಿ ನನ್ನ ಕೋರಿಕೆ ಇಷ್ಟೇ. ಸಂಬಂಧದೊಳಗಿನ ಮದುವೆ ನಿಮ್ಮ ಮುಂದೆ ಬಂದಾಗ, ಪ್ರಕಟಣೆ ಓದುವ ಮೊದಲು ಹುಡುಗಿಯನ್ನು ಒಂಟಿಯಾಗಿ ಕೂರಿಸಿಕೊಂಡು ಒಪ್ಪಿಗೆ ಕೇಳಿ. ಎರಡೂ ಮನೆಗಳಲ್ಲಿ ಎಳೆಯದರಲ್ಲೇ ತೀರಿಕೊಂಡ ಮಕ್ಕಳಿದ್ದಾರೆಯೇ, ಹುಟ್ಟಿನಿಂದ ಕಿವುಡು, ಕುರುಡು ಇದ್ದವರಿದ್ದಾರೆಯೇ ವಿಚಾರಿಸಿ. ಇದ್ದರೆ ಇಬ್ಬರನ್ನೂ ತಳಿಶಾಸ್ತ್ರ ಸಲಹೆಗಾರರ ಬಳಿ ಕಳಿಸಿ, ಪರೀಕ್ಷೆ ಮಾಡಿಸಿಕೊಂಡು ಬರಲಿ.